ಎರಡು ಪರದೆ, ನೂರೆಂಟು ಗೋಳು

ಇವತ್ತು ಸಾಕಾಗಿ ಹೋಯಿತು. ಲ್ಯಾಪ್‌ಟಾಪ್‌ನಿಂದ ದೊಡ್ಡ ಮಾನಿಟರ್‌ನ ಕೇಬಲ್ ತೆಗೆದೆ ಅಷ್ಟೇ, ಡಿಸೈನ್ ಸಾಫ್ಟ್‌ವೇರ್‌ನ ಲೇಯರ್ ಪ್ಯಾನೆಲ್ (ಚಿತ್ರದ ಪದರಗಳ ಪಟ್ಟಿ ತೋರಿಸುವ ಪುಟ್ಟ ಕಿಟಕಿ) ಮಾಯ! ಇಲ್ಲದ ಪರದೆ ಮೇಲೆ ಹೋಗಿ ಕೂತಿದೆ. ಮೆನುವಿನಲ್ಲಿ ಟಿಕ್ ಇದೆ, ಕಣ್ಣಿಗೆ ಕಾಣುವುದಿಲ್ಲ. ವರ್ಕ್‌ಸ್ಪೇಸ್ ರೀಸೆಟ್ ಮಾಡಿ ಪ್ಯಾನೆಲ್‌ಗಳನ್ನೆಲ್ಲ ಮೊದಲಿನ ಜಾಗಕ್ಕೆ ತಂದರೆ, ನಾನು ಜೋಡಿಸಿಟ್ಟಿದ್ದೆಲ್ಲ ಚೆಲ್ಲಾಪಿಲ್ಲಿ.

ಕೇಬಲ್ ಮತ್ತೆ ಹಾಕಿದರೆ ಇನ್ನೊಂದು ಗೋಳು. ಲ್ಯಾಪ್‌ಟಾಪ್‌ಗೆ 150% ಸ್ಕೇಲಿಂಗ್ (ಅಕ್ಷರ, ಐಕಾನ್ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನೋ ಸೆಟ್ಟಿಂಗ್), ಮಾನಿಟರ್‌ಗೆ 100%. ಪ್ಯಾನೆಲ್ ಆಚೆ ಎಳೆದ ಕೂಡಲೇ ಐಕಾನ್‌ಗಳು ಇರುವೆಯಷ್ಟಾಗುತ್ತವೆ, ಅಕ್ಷರ ಮಸುಕು. ಚಿತ್ರ ಎಡಗಡೆ ಪರದೆಯಲ್ಲಿ, ಸೇವ್ ಕೇಳುವ ಡಬ್ಬಿ ಬಲಗಡೆ. ಯಾಕೆ?

ಎರಡು ಪರದೆ ಅನ್ನೋದೇನು ಹೊಸದಾ? ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್‌ನಲ್ಲಿ 1987ರಲ್ಲೇ ಇತ್ತು, ವಿಂಡೋಸ್ 98ರಲ್ಲೂ ಬಂತು. ಯಾವ ಪರದೆಗೆ ಯಾವ ಪ್ಯಾನೆಲ್ ಅಂತ ಈ ಸಾಫ್ಟ್‌ವೇರ್‌ಗೆ ಇನ್ನೂ ನೆನಪಿಟ್ಟುಕೊಳ್ಳಲು ಆಗಲ್ವಾ? ತಿಂಗಳು ತಿಂಗಳು ದುಡ್ಡು ಕಟ್ಟುವ ನಾವು ಕೆಲಸ ಮಾಡಬೇಕಾ, ಪ್ಯಾನೆಲ್ ಹುಡುಕಬೇಕಾ?