ರಿಪೇರಿಯಾಗಿದೆ ಎಂದು ಹೇಳಿಯೇ ಮಾರಿದೆ

ಹದಿನೆಂಟು ವರ್ಷ ನುಡಿಸಿದ ಗಿಟಾರನ್ನು ಕಳೆದ ತಿಂಗಳು ಮಾರಿದೆ. 1973ರ ಫೆಂಡರ್ ಕಂಪನಿಯ ಮಸ್ಟ್ಯಾಂಗ್, ಅಮೆರಿಕದ ನ್ಯಾಶ್‌ವಿಲ್‌ಗೆ ಬಂದ ಹೊಸದರಲ್ಲಿ ಕೊಂಡದ್ದು. ಕಲಿಯುವವರಿಗೆಂದು 1964ರಲ್ಲಿ ಬಂದ ಮಾದರಿ ಇದು. ತಂತಿ ನುಡಿಯುವ ಉದ್ದ 24 ಇಂಚು, ಚಿಕ್ಕ ಕೈಗೂ ಒಗ್ಗುತ್ತದೆ.

ಮಾರುವ ಮೊದಲು ಆಗಿದ್ದ ರಿಪೇರಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಬೆರಳೊತ್ತುವ ಹಲಗೆಯ ಮೇಲಿನ ಲೋಹದ ಪಟ್ಟಿಗಳಲ್ಲಿ, ಅಂದರೆ ಮೆಟ್ಟಿಲುಗಳಲ್ಲಿ, ಮೊದಲ ಐದು ಸವೆದು ತಂತಿ ಜುಂಯ್‌ಗುಡುತ್ತಿದ್ದುದರಿಂದ ಹೊಸದು ಕೂರಿಸಿದ್ದು, ತಲೆಯ ಬಳಿ ತಂತಿಗಳನ್ನು ಹಿಡಿದಿಡುವ ನಟ್ ಒಡೆದಿದ್ದುದರಿಂದ ಅದನ್ನು ತೆಗೆಸಿ ಮೂಳೆಯದನ್ನು ಹಾಕಿಸಿದ್ದು, ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ನ ಸ್ವಿಚ್ ಒಂದನ್ನು ಬದಲಿಸಿದ್ದು. ಹಳೆಯ ಸ್ವಿಚ್ಚನ್ನೂ ಪುಟ್ಟ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟೆ. ಹಳೆಯ ವಾದ್ಯ ಮಾರುವವರಲ್ಲಿ ಇಲ್ಲಿ ಇದೇ ರೂಢಿ.

ಶಿವಮೊಗ್ಗದಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದಾಗ ಅವನು ಬೇಸರಪಟ್ಟುಕೊಂಡ. "ರಿಪೇರಿ ಮಾತನ್ನು ನೀನಾಗಿಯೇ ಯಾಕೆ ಎತ್ತುತ್ತೀಯ? ಕೇಳಿದರೆ ಹೇಳಿದರಾಯಿತು." ಅವನದು ಮೋಸದ ಬುದ್ಧಿಯಲ್ಲ. ನಮ್ಮ ಕಡೆ ಹಳೆಯ ಸ್ಕೂಟರ್ ಮಾರುವವರು ಗೀರುಗಳ ಮೇಲೆ ಬಣ್ಣ ಹೊಡೆಸಿ "ಒಂದು ರೂಪಾಯಿ ಕೆಲಸವಿಲ್ಲ" ಎನ್ನುತ್ತಾರೆ. ಕೊಳ್ಳುವವರು ಅದನ್ನು ನಂಬದೆ ಮೆಕ್ಯಾನಿಕ್ಕನ್ನು ಕರೆತರುತ್ತಾರೆ. ಹಳೆಯ ಗಿಟಾರಿನ ಮಟ್ಟಿಗೆ ಆ ಬಣ್ಣವೇ ನಷ್ಟ. ಮೂಲ ಬಣ್ಣ ಕೆರೆದು ಹೊಸದು ಬಳಿದರೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ವ್ಯಾಪಾರಿಗಳ ಲೆಕ್ಕ.

ಆದರೆ ವೀಣೆಯ ವಿಷಯದಲ್ಲಿ ನಮ್ಮವರು ಹೀಗಲ್ಲ. ಮೆಟ್ಟಿಲುಗಳನ್ನು ಹಿಡಿದಿರುವ ಮೇಣ ಬಿರುಕು ಬಿಟ್ಟಾಗ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ತೆಗೆದು ಮತ್ತೆ ಮೇಳ ಕಟ್ಟಿಸುತ್ತಾರೆ, ಅಂದರೆ ಮೇಣದಲ್ಲಿ ಶ್ರುತಿಗೆ ತಕ್ಕಂತೆ ಮತ್ತೆ ಕೂರಿಸುತ್ತಾರೆ. ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಅತ್ತೆ ತಮ್ಮ ವೀಣೆಯನ್ನು ತೋರಿಸುವಾಗ, ಮೇಳ ಯಾರ ಕೈಯಲ್ಲಿ ಕಟ್ಟಿಸಿದ್ದು ಎಂಬುದನ್ನೇ ಮೊದಲು ಹೇಳುತ್ತಿದ್ದರು. ಅದೇ ಮನಸ್ಸಿನಿಂದ ಅಣ್ಣ ತನ್ನ ಸ್ಕೂಟರನ್ನೂ ಮಾರಬಹುದು ಎಂದು ನನಗೆ ಅನಿಸುತ್ತದೆ.

ಇಲ್ಲಿಯವರ ರೀತಿಯೆಲ್ಲವೂ ನನಗೆ ಒಪ್ಪಿಗೆ ಎಂದಲ್ಲ. ಸವೆದ ಮೂಲ ಮೆಟ್ಟಿಲು ಹಾಗೆಯೇ ಇರಬೇಕೆಂದು ಹಟ ಹಿಡಿದು, ಶ್ರುತಿ ನಿಲ್ಲದ ವಾದ್ಯವನ್ನು ಗಾಜಿನ ಕಪಾಟಿನಲ್ಲಿಡುವವರಿದ್ದಾರೆ. ನುಡಿಯದ ವಾದ್ಯವನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೊಳ್ಳಲು ಬಂದವರು ಅರವತ್ತು ದಾಟಿದವರು. ಹಾಳೆಯನ್ನು ನಿಧಾನವಾಗಿ ಓದಿ, ತಿರುಪು ಬಿಚ್ಚಿ ಲೋಹದ ತಗಡನ್ನೆತ್ತಿ, ಧ್ವನಿ ಹೆಚ್ಚು ಕಡಿಮೆ ಮಾಡುವ ಗುಂಡಿಯ ಕೆಳಗಿನ ಭಾಗವಾದ ಪೊಟೆನ್ಶಿಯೋಮೀಟರ್ ಬೆನ್ನಿನ ಅಂಕಿಗೆ ಟಾರ್ಚ್ ಹಿಡಿದರು: 1377319. ಮೊದಲ ಮೂರು ಅಂಕಿ ತಯಾರಕರದು, ಆಮೇಲಿನವು 1973ರ ಹತ್ತೊಂಬತ್ತನೆಯ ವಾರ. ಬೆರಳು ಓಡುವ ಹಲಗೆ ಭಾರತದ ರೋಸ್‌ವುಡ್ ಎಂದು ಅವರೇ ಹೇಳಿದರು. ಅದು ನಮ್ಮ ಬೀಟೆ ಮರ, ಪಶ್ಚಿಮ ಘಟ್ಟದಲ್ಲಿ ಬೆಳೆಯುತ್ತದೆ, ಅಜ್ಜಿಯ ಮನೆಯ ಮಂಚವೂ ಅದರದೇ ಎಂದೆ. ಅವರು ಆ ಹಲಗೆಯ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು.

ಅರ್ಧ ಗಂಟೆ ನುಡಿಸಿದರು. ಚೌಕಾಸಿ ಮಾಡಿದ್ದು ಪೆಟ್ಟಿಗೆಯ ಮುರಿದ ಚಿಲಕಕ್ಕೆ ಮಾತ್ರ. ಮೆಟ್ಟಿಲು ಕೂರಿಸಿದವರ ಕೈ ಚೆನ್ನಾಗಿದೆ ಎಂದು ಅವರ ಅಂಗಡಿಯ ವಿಳಾಸ ಕೇಳಿದರು. ಹೊರಡುವಾಗ ನನ್ನ ಹಾಳೆಯ ಕೊನೆಯಲ್ಲಿ ಅಂದಿನ ತಾರೀಖು ಬರೆದು, ಮಡಚಿ, ಹಳೆಯ ಸ್ವಿಚ್ಚಿನ ಚೀಲದೊಳಗೆ ಇಟ್ಟುಕೊಂಡರು.