ಅಮ್ಮನ ಜಗಲಿ
ಒಂಟಿತನವೂ ಮೈಗೆ ಕಾಯಿಲೆ ತರುತ್ತದೆ ಎಂದು ಬರೆದಿದ್ದೀರಿ, ಪೂರ್ತಿ ಒಪ್ಪುತ್ತೇನೆ. ಮಂಡ್ಯದ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಉನ್ನತ ವೈದ್ಯಾಧಿಕಾರಿ) ಆಗಿದ್ದಾಗ, 2023ರಲ್ಲಿ ಇದನ್ನೇ ಹೇಳಿದ್ದರು: ಜನರ ಒಡನಾಟವಿಲ್ಲದ ಬದುಕು ದಿನಕ್ಕೆ 15 ಸಿಗರೇಟ್ ಸೇದಿದಷ್ಟೇ ಆಯಸ್ಸಿಗೆ ಕುತ್ತು.

ಅಪ್ಪ ಹೋದ ಮೇಲೆ ಅಮ್ಮನನ್ನು ನಮ್ಮ ಫ್ಲ್ಯಾಟಿಗೆ ಕರೆತಂದೆವು. ಹೊತ್ತೊತ್ತಿಗೆ ಊಟ, ಮಾತ್ರೆ, ಟಿವಿ ಎಲ್ಲ ಇತ್ತು. ಆದರೂ ಸೊರಗಿಹೋದರು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯುತ್ತಿತ್ತು. ಕೊನೆಗೆ ಊರಿಗೇ ಬಿಟ್ಟು ಬಂದೆವು. ಈಗ ಸಂಜೆಯಾದರೆ ಜಗಲಿಯಲ್ಲಿ ನಾಲ್ಕು ಜನ ಅವರೆಕಾಯಿ ಸುಲಿಯುತ್ತಾ ಕೂರುತ್ತಾರೆ. ಬಿಪಿ ಮಾತ್ರೆ ಬಿಟ್ಟಿಲ್ಲ, ಬಿಡಲೂಬಾರದು. ಆದರೆ ಫೋನ್ ಮಾಡಿದರೆ "ಆಮೇಲೆ ಮಾಡೋ, ಎಲ್ಲಾ ಬಂದವ್ರೆ ಇಲ್ಲಿ" ಅಂತಾರೆ. ಅದನ್ನು ಕೇಳಿದರೆ ನನಗೆಷ್ಟು ನೆಮ್ಮದಿ ಗೊತ್ತಾ!