‘ನೈಟ್’ ಪದದ ಮೌನ ‘ಕೆ’: ಸತ್ಯಾಂಶ

ರಾತ್ರಿ ಎಂಬ ಅರ್ಥದ ‘ನೈಟ್’ನೊಂದಿಗೆ ಗೊಂದಲವಾಗದಿರಲೆಂದು ಇಂಗ್ಲಿಷರು ವೀರಯೋಧನ ‘ನೈಟ್’ಗೆ ಬೇಕೆಂದೇ ಒಂದು ‘ಕೆ’ ಅಂಟಿಸಿದರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಕ್ನಿಹ್ಟ್’ ಎಂಬಂತಿತ್ತು. ಮೊದಲಿನ ಕಕಾರವನ್ನೂ, ಈಗ ‘ಜಿಎಚ್’ ಎಂದು ಬರೆದು ಬಿಟ್ಟುಬಿಡುವ, ಗಂಟಲಿನಿಂದ ಹೊರಡುವ ಹಕಾರದಂಥ ಧ್ವನಿಯನ್ನೂ ಜನ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ಬಳಿಕ ಕಾಗುಣಿತ ಕ್ರಮೇಣ ಸ್ಥಿರವಾಗುತ್ತ ಬಂದಿತು. ಕಕಾರ ನಾಲಗೆಯಿಂದ ಜಾರಿದ್ದು ಅದಕ್ಕೂ ಬಹಳ ತಡವಾಗಿ, ಮುಖ್ಯವಾಗಿ 17ನೇ ಶತಮಾನದಲ್ಲಿ; ಹಾಗಾಗಿ ಬರಹದಲ್ಲಿ ‘ಕೆ’ ಹಾಗೆಯೇ ಉಳಿಯಿತು. ಚಾಕು ಎಂಬರ್ಥದ ‘ನೈಫ್’ ಪದವನ್ನೇ ನೋಡಿ: ಅದರೊಡನೆ ಗೊಂದಲವಾಗುವ ಇನ್ನೊಂದು ‘ನೈಫ್’ ಇಲ್ಲ, ಆದರೂ ‘ಕೆ’ ಇದೆ.

ನಿಜಕ್ಕೂ ಸ್ವಾರಸ್ಯವಿರುವುದು ಅರ್ಥದಲ್ಲಿ. ‘ಕ್ನಿಹ್ಟ್’ ಎಂದರೆ ಮೊದಲು ಹುಡುಗ, ಆಮೇಲೆ ಸೇವಕ. ಒಡೆಯನಿಗಾಗಿ ಕುದುರೆಯೇರಿ ಕಾದಾಡುವ ಸೇವಕನಿಗೆ ಅದು ಮೀಸಲಾಗಿ, ಕೊನೆಗೆ ದೊರೆ ನೀಡುವ ಬಿರುದಾಯಿತು. (ಸರ್ ಎಂ. ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಸಂದ ಕೆಸಿಐಇ (‘ನೈಟ್ ಕಮಾಂಡರ್ ಆಫ್ ದಿ ಇಂಡಿಯನ್ ಎಂಪೈರ್’) ಪದವಿಯ ‘ಕೆ’ ಇದೇ ಪದದ್ದು.) ಇದೇ ಮೌನ ‘ಕೆ’ ಇರುವ ‘ನೇವ್’ ಎಂಬ ಪದವೂ ಹುಡುಗ ಎಂಬಲ್ಲಿಂದಲೇ ಹೊರಟು ಸೇವಕನಾಗಿ, ಬಿರುದಿನ ಬದಲು ‘ಠಕ್ಕ’ ಎಂಬ ಬೈಗುಳಕ್ಕೆ ಇಳಿಯಿತು. ಜರ್ಮನ್ನಿನಲ್ಲಿ ಮಾತ್ರ ‘ನೈಟ್’ನ ಸೋದರ ಪದ ‘ಕ್ನೆಖ್ಟ್’ ಹೊಲದ ಆಳಾಗಿಯೇ ಉಳಿಯಿತು, ಕಕಾರವನ್ನೂ ಕಳೆದುಕೊಳ್ಳಲಿಲ್ಲ.